ಉದ್ಯೋಗವಾರ್ತೆ: ಕೆಲಸವನ್ನು ಅರಸುವ ಮಾರ್ಗದ ಚರಿತ್ರೆ

ಹೊಟ್ಟೆಪಾಡಿಗಾಗಿ ದುಡಿಯುವುದು ಮನುಷ್ಯಕುಲದಷ್ಟೇ ಪುರಾತನವಾದುದು. ಆದರೆ ದುಡಿಮೆಯನ್ನು ಹುಡುಕಿಕೊಂಡು ಹೋಗುವುದು ಅಷ್ಟು ಪುರಾತನವಾದುದಲ್ಲ. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ನೆನೆದರೆ ಈ ಮಾತು ಸ್ಪಷ್ಟವಾಗುತ್ತದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ ಮೊದಲಾದವರಲ್ಲಿ ಕಸುಬಿನ ಹೆಸರು ಮುಂದೆ, ವ್ಯಕ್ತಿಯ ಹೆಸರು ಹಿಂದೆ. ಕಾಯಕ ಶುದ್ಧವೇ, ಅದರ ಫಲ ನ್ಯಾಯಾರ್ಜಿತವೇ ಎಂಬುದು ಅವರ ಪ್ರಶ್ನೆಯಾಗಿತ್ತು. ಕಾಯಕ ಎಲ್ಲಿ ದೊರೆತೀತು ಎಂಬುದು ಅಲ್ಲಿ ಪ್ರಧಾನವಾದ ಪ್ರಶ್ನೆಯಲ್ಲ. ಕಸುಬು ಮನೆಯಲ್ಲಿಯೇ ಇತ್ತು. ಕಲಿಸುವ ಗುರು ತಂದೆಯೇ ಆಗಿದ್ದನು.

ಕೆಲಸ ಎಲ್ಲಿದೆ, ಅದಕ್ಕೆ ಬೇಕಾದ ಅರ್ಹತೆ ಯಾವುದು, ಈ ವಿಷಯವನ್ನು ಹೇಳುವವರು ಯಾರು ಎಂಬ ಮೂರು ಪ್ರಶ್ನೆಗಳು ಆಧುನಿಕ ಕಾಲದ ತರುಣನವು. ಕೆಲಸ ಖಾಲಿ ಇದೆಯೆಂಬ ಸುದ್ದಿ ಯಾರ ಕೈಯಲ್ಲಿರುತ್ತದೆಯೋ, ಕೆಲಸವೂ ಬಹುಮಟ್ಟಿಗೆ ಅವರ ಕೈಯಲ್ಲಿಯೇ ಇರುತ್ತದೆ. ಆದುದರಿಂದ ಉದ್ಯೋಗದ ಚರಿತ್ರೆಯೆಂದರೆ ಒಂದರ್ಥದಲ್ಲಿ ಉದ್ಯೋಗವಾರ್ತೆಯ ಚರಿತ್ರೆ. ಕನ್ನಡ ನಾಡಿನಲ್ಲಿ ಈ ವಾರ್ತೆಯು ಕೈಯಿಂದ ಕೈಗೆ ಹೇಗೆ ದಾಟಿ ಬಂದಿತೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸಬಹುದು.

ಉಮೇದುವಾರಿಕೆಯ ಕಾಲ

ನಾವು ದಿನವೂ ಬಳಸುವ ನೌಕರಿ, ಅರ್ಜಿ, ಶಿಫಾರಸು, ಉಮೇದುವಾರ ಎಂಬ ಶಬ್ದಗಳು ಪಾರಸಿ ಮತ್ತು ಅರಬ್ಬಿ ಮೂಲದವು. ದಫ್ತರದ ಆಡಳಿತದೊಡನೆ ಕನ್ನಡಕ್ಕೆ ಬಂದವು. ಇವುಗಳಲ್ಲಿ ‘ಉಮೇದುವಾರ’ ಎಂಬುದು ವಿಚಾರಯೋಗ್ಯವಾದುದು. ‘ಉಮೇದು’ ಎಂದರೆ ಆಶೆ. ಉಮೇದುವಾರನೆಂದರೆ ಆಶೆಯನ್ನಿಟ್ಟುಕೊಂಡು ಕಾದಿರುವವನು. ಹಿಂದಿನ ಕಚೇರಿಗಳಲ್ಲಿ ಸಂಬಳವಿಲ್ಲದೆ ಬರವಣಿಗೆಯ ಕೆಲಸ ಮಾಡುತ್ತ, ಜಾಗ ಖಾಲಿಯಾದಾಗ ತನ್ನನ್ನು ನೇಮಿಸಿಯಾರೆಂದು ಕಾಯುತ್ತಿದ್ದ ತರುಣನಿಗೆ ಈ ಹೆಸರಿತ್ತು. ಇಂದು ಚುನಾವಣೆಗೆ ನಿಂತವನನ್ನು ಉಮೇದುವಾರನೆನ್ನುವಾಗ ಆ ಹಳೆಯ ಕಾಯುವಿಕೆಯ ನೆನಪು ಯಾರಿಗೂ ಬರುವುದಿಲ್ಲ.

ಈ ಪದ್ಧತಿಯಲ್ಲಿ ಒಂದು ಗುಣವಿತ್ತು: ಕೆಲಸವನ್ನು ಕೆಲಸದ ಸ್ಥಳದಲ್ಲಿಯೇ ಕಲಿಯಬಹುದಾಗಿತ್ತು. ಆದರೆ ದೋಷವು ಗುಣಕ್ಕಿಂತ ಹಿರಿದು. ಸಂಬಳವಿಲ್ಲದೆ ವರ್ಷಗಟ್ಟಲೆ ಕಾಯಬಲ್ಲವನು ಮನೆಯಲ್ಲಿ ಅನ್ನವಿದ್ದವನೇ. ಕಚೇರಿಯ ಒಳಕ್ಕೆ ಕಾಲಿಡಬಲ್ಲವನು ಒಳಗಿರುವವನ ಬಂಧುವೇ. ಹಳ್ಳಿಯಲ್ಲಂತೂ ಶ್ಯಾನುಭೋಗಿಕೆ, ಪಟೇಲಿಕೆಗಳು ವಂಶಪಾರಂಪರ್ಯವಾಗಿದ್ದವು. 1961ರ ಮೈಸೂರು ಗ್ರಾಮಾಧಿಕಾರಗಳ ರದ್ದತಿ ಶಾಸನ ಬರುವವರೆಗೂ ಆ ಹಕ್ಕುಗಳು ಪೂರ್ತಿಯಾಗಿ ಅಳಿಯಲಿಲ್ಲ. ಹುಟ್ಟಿನಿಂದಲೇ ದೊರೆಯುವ ಕೆಲಸಕ್ಕೆ ಜಾಹೀರಾತು ಏತಕ್ಕೆ?

ಪರೀಕ್ಷೆ ಮತ್ತು ಪಾಲು

ಶಿಫಾರಸಿನ ಕೋಟೆಯಲ್ಲಿ ಮೊದಲ ಬಿರುಕನ್ನು ಉಂಟುಮಾಡಿದುದು ಪರೀಕ್ಷೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸ್ ಸ್ಪರ್ಧಾ ಪರೀಕ್ಷೆ ಆರಂಭವಾಯಿತು. ಯಾರ ಮಗನೆಂಬುದಕ್ಕಿಂತ ಎಷ್ಟು ಅಂಕವೆಂಬುದು ಮುಖ್ಯವಾಗಬೇಕೆಂಬ ತತ್ತ್ವ ಇಲ್ಲಿ ಅಂಗೀಕೃತವಾಯಿತು. ಆದರೆ ಪರೀಕ್ಷೆಗೆ ಕುಳಿತುಕೊಳ್ಳಲು ಇಂಗ್ಲಿಷ್ ವಿದ್ಯೆ ಬೇಕು. ಆ ವಿದ್ಯೆಗೆ ಪಟ್ಟಣದ ವಾಸ ಬೇಕು. ಬಾಗಿಲು ತೆರೆಯಿತಾದರೂ ಮೆಟ್ಟಿಲುಗಳು ಎತ್ತರವಾಗಿಯೇ ಉಳಿದವು.

ಈ ಅಸಮತೆಯನ್ನು ಎತ್ತಿ ಆಡಿದವರಲ್ಲಿ 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿಯವರು ಪ್ರಮುಖರು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. 1919ರಲ್ಲಿ ವರದಿ ಬಂದಿತು. ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳದರ್ಜೆಯ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ದೊರೆಯುವಂತಾಗಬೇಕೆಂದು ಅದು ಸೂಚಿಸಿತು. 1921ರಲ್ಲಿ ಸರ್ಕಾರದ ಆಜ್ಞೆ ಹೊರಟಿತು. ಅರ್ಹತೆಗೆ ಧಕ್ಕೆ ಬಂದೀತೆಂದು ಭಾವಿಸಿದ ದಿವಾನ್ ವಿಶ್ವೇಶ್ವರಯ್ಯನವರು ಇಷ್ಟರೊಳಗೆ ಅಧಿಕಾರವನ್ನು ತ್ಯಜಿಸಿದ್ದರು. ಅಂಕವೇ ಅರ್ಹತೆಯೆಂಬ ಪಕ್ಷಕ್ಕೂ ಅಂಕ ಗಳಿಸುವ ಅವಕಾಶವೇ ಹಂಚಿಕೆಯಾಗಿಲ್ಲವೆಂಬ ಪಕ್ಷಕ್ಕೂ ಅಂದು ಮೊದಲಾದ ವಾದ ಇಂದಿಗೂ ಮುಗಿದಿಲ್ಲ.

ವಿನಿಮಯ ಕಚೇರಿಯ ಉದಯ

ಎರಡನೆಯ ಮಹಾಯುದ್ಧ ಮುಗಿಯುವ ವೇಳೆಗೆ ಹೊಸದೊಂದು ಸಂಸ್ಥೆ ಕಾಣಿಸಿಕೊಂಡಿತು. ಸೇನೆಯಿಂದ ಬಿಡುಗಡೆಯಾಗಿ ಬರುವವರಿಗೆ ನಾಗರಿಕ ಕೆಲಸ ಒದಗಿಸುವ ಸಲುವಾಗಿ 1945ರಲ್ಲಿ ಉದ್ಯೋಗ ವಿನಿಮಯ ಕಚೇರಿಗಳ ವ್ಯವಸ್ಥೆ ರೂಪುಗೊಂಡಿತು. 1948ರಲ್ಲಿ ಅದು ಎಲ್ಲರಿಗೂ ತೆರೆಯಿತು. ಇದರ ಮುಂದಿನ ಸ್ವರೂಪವನ್ನು ನಿರ್ಣಯಿಸಿದ ಸಮಿತಿಯ ಅಧ್ಯಕ್ಷರು ಕನ್ನಡ ಕರಾವಳಿಯ ಬೆನಗಲ್ ಶಿವರಾಯರು. 1954ರ ಅವರ ವರದಿಯಂತೆ ಕಚೇರಿಗಳ ದಿನನಿತ್ಯದ ಆಡಳಿತವು 1956ರ ನವೆಂಬರ್ 1ರಂದು ರಾಜ್ಯಗಳಿಗೆ ವರ್ಗವಾಯಿತು. ಏಕೀಕೃತ ಕನ್ನಡ ರಾಜ್ಯ ಉದಯಿಸಿದ ದಿನವೂ ಅದೇ.

1959ರ ಶಾಸನವು ಮತ್ತೊಂದು ಹೆಜ್ಜೆ. 1960ರ ಮೇ 1ರಿಂದ ಜಾರಿಗೆ ಬಂದ ಈ ಕಾನೂನಿನ ಪ್ರಕಾರ ಸರ್ಕಾರಿ ವಲಯದ ಸಂಸ್ಥೆಗಳೂ 25 ಅಥವಾ ಹೆಚ್ಚು ನೌಕರರಿದ್ದ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಗಳನ್ನು ವಿನಿಮಯ ಕಚೇರಿಗೆ ತಿಳಿಸಬೇಕಾಯಿತು. ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಕೆಲಸ, ಕುಶಲತೆ ಬೇಡದ ಕಚೇರಿ ಕೆಲಸ ಮುಂತಾದವಕ್ಕೆ ವಿನಾಯಿತಿಯಿತ್ತು. ಓದುಗರು ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಶಾಸನವು ತಿಳಿಸಬೇಕೆಂದಿತೇ ಹೊರತು ಕಚೇರಿಯ ಮೂಲಕವೇ ನೇಮಿಸಬೇಕೆನ್ನಲಿಲ್ಲ. ಸುದ್ದಿ ಸಾರ್ವಜನಿಕವಾಯಿತು, ಬಾಗಿಲಿನ ಬೀಗದ ಕೈ ಮಾತ್ರ ಮೊದಲಿದ್ದವರಲ್ಲಿಯೇ ಉಳಿಯಿತು. ಮತ್ತೊಂದೆಡೆ, ವಿನಿಮಯ ಕಚೇರಿಯ ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಸರ್ಕಾರಿ ನೌಕರಿಯ ಅವಕಾಶವೇ ತಪ್ಪುವ ಪ್ರಸಂಗಗಳೂ ಇದ್ದವು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಪಟ್ಟಿಯನ್ನು ತರಿಸಿಕೊಂಡರೆ ಸಾಲದು, ಪತ್ರಿಕೆ ಮೊದಲಾದವುಗಳಲ್ಲಿಯೂ ಪ್ರಕಟಿಸಿ ಅರ್ಜಿ ಹಾಕಿದವರೆಲ್ಲರನ್ನೂ ಪರಿಗಣಿಸಬೇಕೆಂದು ತೀರ್ಪಿತ್ತಿತು.

ನಾನು ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಕೈಗೆ ಬಂದೊಡನೆ ಹುಡುಗರು ಜಿಲ್ಲಾ ಕೇಂದ್ರದ ಬಸ್ಸು ಹತ್ತುತ್ತಿದ್ದರು. ನೋಂದಣಿಯ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡು, ಮೂರು ವರ್ಷಕ್ಕೊಮ್ಮೆ ತಪ್ಪದೆ ನವೀಕರಿಸುತ್ತಿದ್ದರು. ಕರೆ ಬಂದವರು ಕೆಲವರು, ಬಾರದವರು ಬಹಳ. ಆದರೂ ಆ ಚೀಟಿಗೆ ಒಂದು ಬೆಲೆಯಿತ್ತು. ಯಾರ ಕಾಲಿಗೂ ಬೀಳದೆ, ಯಾರಿಗೂ ಕಾಸು ಕೊಡದೆ, ಸರದಿಯಲ್ಲಿ ನಿಲ್ಲುವ ಹಕ್ಕು ಅದರಲ್ಲಿತ್ತು. ಉಮೇದುವಾರನಿಗಿಲ್ಲದ ಹಕ್ಕು ಅದು.

ಉಪದೇಶದ ಮಿತಿ

ಸುದ್ದಿಯೊಂದಿಗೆ ಸಲಹೆಯೂ ಬೇಕೆಂಬುದನ್ನು ನಮ್ಮ ಹಿರಿಯರು ಅರಿತಿದ್ದರು. ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗ (1952–53) ಶಾಲೆಗಳಲ್ಲಿ ವೃತ್ತಿ ಮಾರ್ಗದರ್ಶನ ಮಾಡಬಲ್ಲ ಅಧ್ಯಾಪಕರಿರಬೇಕೆಂದು ಹೇಳಿತು. ಶಿವರಾಯರ ಸಮಿತಿಯೂ ವಿನಿಮಯ ಕಚೇರಿಗಳು ಯುವಜನರಿಗೆ ವೃತ್ತಿಯ ತಿಳಿವಳಿಕೆ ನೀಡಬೇಕೆಂದು ಬಯಸಿತು. ಆದರೆ ಬಹುತೇಕ ಊರುಗಳಲ್ಲಿ ಈ ಹೊಣೆ ಬಿದ್ದುದು ಪಾಠ ಹೇಳುವ ಮೇಷ್ಟರ ಮೇಲೆ. ಟೈಪಿಂಗ್ ಕಲಿ, ಶೀಘ್ರಲಿಪಿ ಕಲಿ, ಐ.ಟಿ.ಐ. ಸೇರು, ಟಿ.ಸಿ.ಎಚ್. ಮಾಡು ಎಂಬಿಷ್ಟು ನಮ್ಮ ಉಪದೇಶಸಾರ. ಅದು ಸುಳ್ಳಾಗಿರಲಿಲ್ಲ. ಬೆಂಗಳೂರಿನಲ್ಲಿ ಎಚ್.ಎ.ಎಲ್. (1940), ಐ.ಟಿ.ಐ. (1948), ಎಚ್.ಎಂ.ಟಿ. (1953), ಬಿ.ಇ.ಎಲ್. (1954) ಎಂಬ ಮಹಾ ಕಾರ್ಖಾನೆಗಳು ಸಾವಿರಾರು ಕುಟುಂಬಗಳಿಗೆ ಅನ್ನವನ್ನೂ ಗೌರವವನ್ನೂ ಕೊಟ್ಟಿದ್ದವು. ಅಲ್ಲಿನ ಕೆಲಸಗಳಲ್ಲಿ ಕನ್ನಡಿಗರ ಪಾಲೆಷ್ಟೆಂಬ ಪ್ರಶ್ನೆಯಿಂದಲೇ 1983ರಲ್ಲಿ ಸರೋಜಿನಿ ಮಹಿಷಿ ಸಮಿತಿ ನೇಮಕವಾಗಿ, 1986ರಲ್ಲಿ ತನ್ನ ವರದಿಯನ್ನಿತ್ತಿತು.

ಪ್ರತಿಯೊಂದು ತಲೆಮಾರಿನ ಹಿರಿಯರೂ ತಮ್ಮ ಕಾಲದಲ್ಲಿ ಫಲ ಕೊಟ್ಟ ಮರವನ್ನೇ ಕಿರಿಯರಿಗೆ ತೋರಿಸುತ್ತಾರೆ. ಆ ಮರಕ್ಕೆ ಆಗಲೇ ಗೆದ್ದಲು ಹಿಡಿದಿರಬಹುದು. ಕಂಪ್ಯೂಟರು ಬಂದು ಟೈಪ್‌ರೈಟರು ಮೂಲೆ ಸೇರಿತು. 1880ರಿಂದ ನಡೆದು ಬಂದಿದ್ದ ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ತಾತ, ತಂದೆ, ಮಗ ಇಳಿದ ಸುರಂಗದ ಬಾಯಿ ಮುಚ್ಚಿದ ಮೇಲೆ ಆ ಮನೆಗಳ ಯುವಕರು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೊರಟರು. ದೇಶಕ್ಕೆಲ್ಲ ಸಮಯ ತೋರಿಸಿದ ಎಚ್.ಎಂ.ಟಿ. ಗಡಿಯಾರದ ಕಂಪನಿಯನ್ನು ಮುಚ್ಚಲು 2016ರಲ್ಲಿ ತೀರ್ಮಾನವಾಯಿತು. ಭದ್ರವೆಂದು ನಾವು ಬೆರಳು ಮಾಡಿ ತೋರಿಸಿದ್ದು ಭದ್ರವಾಗಿ ಉಳಿಯಲಿಲ್ಲ.

ಆದರೆ ಎಲ್ಲರೂ ಒಂದೇ ರೀತಿಯಲ್ಲಿ ಕುಸಿಯಲಿಲ್ಲವೆಂಬುದನ್ನೂ ಹೇಳಬೇಕು. ಲೇತು ಹಿಡಿದವನಿಗೆ, ಅಚ್ಚು ಕಡೆಯಬಲ್ಲವನಿಗೆ, ನಕ್ಷೆ ಓದಬಲ್ಲವನಿಗೆ ಪೀಣ್ಯದಂತಹ ಕೈಗಾರಿಕಾ ವಸಾಹತುಗಳ ಸಣ್ಣ ಘಟಕಗಳಲ್ಲಿ ಬೆಲೆಯಿತ್ತು. ಆ ಕುಶಲತೆ ಕಾರ್ಖಾನೆಯ ಸೊತ್ತಾಗಿರದೆ ಅವನ ಕೈಯ ಸೊತ್ತಾಗಿತ್ತು. ಒಂದು ಸಂಸ್ಥೆಯ ಒಂದು ಮೇಜಿಗೆ ಮಾತ್ರ ಸಲ್ಲುವ ಕೆಲಸ ಬಲ್ಲವನಿಗೆ ಅದು ಸಾಧ್ಯವಾಗಲಿಲ್ಲ.

ಇಂದಿನ ಸ್ಥಿತಿ

1983ರಲ್ಲಿ ಇನ್ಫೋಸಿಸ್ ಬೆಂಗಳೂರಿಗೆ ಬಂದಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕೇಂದ್ರ ತೆರೆಯಿತು. 1997ರಲ್ಲಿ ನೌಕ್ರಿ ಡಾಟ್ ಕಾಂ ಆರಂಭವಾದಾಗ ಉದ್ಯೋಗವಾರ್ತೆ ಅಂತರಜಾಲವನ್ನೇರಿತು. ಸರ್ಕಾರವೂ 2015ರಲ್ಲಿ ರಾಷ್ಟ್ರೀಯ ವೃತ್ತಿ ಸೇವೆಯ ಜಾಲತಾಣವನ್ನು ತೆರೆಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯು 1959ರ ಶಾಸನವನ್ನು ತನ್ನೊಳಗೆ ಅಡಕಗೊಳಿಸಿಕೊಂಡು, ವಿನಿಮಯ ಕಚೇರಿಯ ಸ್ಥಾನದಲ್ಲಿ ‘ವೃತ್ತಿ ಕೇಂದ್ರ’ವನ್ನು ಕಲ್ಪಿಸಿತು. ವೃತ್ತಿಗಳ ರಾಷ್ಟ್ರೀಯ ವರ್ಗೀಕರಣವು 1958ರಲ್ಲಿ ಮೊದಲು ಪ್ರಕಟವಾಗಿ 1968, 2004, 2015ರಲ್ಲಿ ಪರಿಷ್ಕೃತವಾದುದನ್ನು ನೋಡಿದರೆ, ಕಸುಬುಗಳ ಹುಟ್ಟುಸಾವು ಎಷ್ಟು ಬಿರುಸಾಗಿದೆಯೆಂಬುದು ತಿಳಿಯುತ್ತದೆ.

ಇಂದು ಸುದ್ದಿಗೆ ಬರವಿಲ್ಲ. ಸುದ್ದಿಯ ಪ್ರವಾಹವೇ ಇದೆ. ಬರವಿರುವುದು ಉತ್ತರಕ್ಕೆ. ನೂರು ಅರ್ಜಿ ಹಾಕಿದ ಹುಡುಗಿಗೆ ತಾನೇಕೆ ಆಯ್ಕೆಯಾಗಲಿಲ್ಲವೆಂದು ಹೇಳುವವರಿಲ್ಲ. ಅವಳ ಅರ್ಜಿಯನ್ನು ಮನುಷ್ಯನು ಓದಿದನೋ ಯಂತ್ರವು ಸೋಸಿತೋ ತಿಳಿಯದು. ಕೆಲಸ ಕೊಡಿಸುತ್ತೇವೆಂದು ಮುಂಗಡ ಕೇಳುವ ವಂಚಕರೂ ಇದೇ ಪ್ರವಾಹದಲ್ಲಿ ಈಜುತ್ತಿದ್ದಾರೆ. ಮನೆ ಮನೆಗೆ ಊಟ ಹೊತ್ತು ತರುವ ತರುಣನ ಯಜಮಾನನಂತೂ ಅವನ ಕೈಯ ಫೋನಿನೊಳಗೆ ಅದೃಶ್ಯನಾಗಿದ್ದಾನೆ. 2025ರಲ್ಲಿ ಕರ್ನಾಟಕವು ಇಂತಹ ಕಾರ್ಮಿಕರಿಗಾಗಿ ಕಾನೂನು ಮಾಡಿ, ಅವರ ನೋಂದಣಿಗೂ, ಕೆಲಸದಿಂದ ತೆಗೆಯುವ ಮೊದಲು 14 ದಿನಗಳ ಸೂಚನೆಗೂ ಅವಕಾಶ ಕಲ್ಪಿಸಿದುದು ಈ ಅದೃಶ್ಯತೆಯನ್ನು ಮುರಿಯುವ ಯತ್ನವೇ ಸರಿ.

ಈ ಚರಿತ್ರೆಯಿಂದ ಹಿರಿಯರಾದ ನಾವು ಕಲಿಯಬೇಕಾದುದು ಎರಡು. ಮೊದಲನೆಯದು, ಉದ್ಯೋಗವಾರ್ತೆ ಸಾರ್ವಜನಿಕವಾದುದು ತಾನಾಗಿ ಅಲ್ಲ. ಪರೀಕ್ಷೆ, ಮೀಸಲು, ವಿನಿಮಯ ಕಚೇರಿ, ನ್ಯಾಯಾಲಯದ ತೀರ್ಪುಗಳ ಮೂಲಕ ಹಂತಹಂತವಾಗಿ ಗಳಿಸಿಕೊಂಡದ್ದು. ಖಾಸಗಿ ಯಂತ್ರದ ಸೋಸುವಿಕೆಗೆ ಅದನ್ನು ಮೌನವಾಗಿ ಒಪ್ಪಿಸಿಬಿಟ್ಟರೆ ಹೊಸ ರೂಪದ ಉಮೇದುವಾರಿಕೆಗೆ ಮರಳಿದಂತಾದೀತು. ಸಂಬಳವಿಲ್ಲದ ತರಬೇತಿಯ ಹೆಸರಿನಲ್ಲಿ ತಿಂಗಳುಗಟ್ಟಲೆ ದುಡಿಯುವ ಪದವೀಧರರನ್ನು ಕಂಡಾಗ ಈ ಭಯ ಕೇವಲ ಕಲ್ಪನೆಯಲ್ಲವೆನಿಸುತ್ತದೆ. ಎರಡನೆಯದು, ಯಾವ ನೌಕರಿ ಭದ್ರವೆಂದು ಮಕ್ಕಳಿಗೆ ಹೇಳುವ ಶಕ್ತಿ ನಮಗಿಲ್ಲ. ಬಾಗಿಲು ಮುಚ್ಚಿದ ದಿನ ನಿನ್ನೊಡನೆ ಹೊರಗೆ ಬರುವ ವಿದ್ಯೆ ಯಾವುದು ಎಂದು ಅವರನ್ನು ಕೇಳುವ ವಿವೇಕವಾದರೂ ನಮಗಿರಲಿ. ಆ ಪ್ರಶ್ನೆಗೆ ಉತ್ತರ ಕಂಡುಕೊಂಡವನು ಆಶೆಯನ್ನು ಮಾತ್ರ ಹಿಡಿದು ಇನ್ನೊಬ್ಬರ ಬಾಗಿಲಲ್ಲಿ ಕಾಯಬೇಕಾಗಿಲ್ಲ.