ಮೇಲ್ ಬಂದಿತ್ತು, ನನಗೆ ಕಾಣಲಿಲ್ಲ: ಸರ್ವರ್ ಫಿಲ್ಟರ್ ಕೈಕೊಟ್ಟಾಗ ಎಲ್ಲಿ ಹುಡುಕಬೇಕು?

"ಇಲಾಖೆಯಿಂದ ಉತ್ತರವೇ ಬರಲಿಲ್ಲ" ಅಂತ ನಾನು ಬರೆದೆ. ಉತ್ತರ ಬಂದಿತ್ತು.

ಒಂದು ಇಲಾಖೆಗೆ ಮಾಹಿತಿ ಹಕ್ಕು ಅರ್ಜಿ ಹಾಕಿದ್ದೆ. ಕಾಯ್ದೆ ಹೇಳುವ 30 ದಿನ ಕಳೆಯಿತು. ಇಲಾಖೆಯ ಮೌನದ ಬಗ್ಗೆ ಖಾರವಾಗಿ ಅಂಕಣ ಬರೆದೆ, ಮೊದಲ ಮೇಲ್ಮನವಿಯನ್ನೂ ಸಲ್ಲಿಸಿದೆ. ವಿಚಾರಣೆಯ ದಿನ ಅಧಿಕಾರಿ ಒಂದು ಪ್ರಿಂಟ್‌ಔಟ್ ಮುಂದಿಟ್ಟರು. 22ನೇ ದಿನವೇ ನನ್ನ ಇಮೇಲ್‌ಗೆ ಉತ್ತರ ಕಳಿಸಿದ್ದರು. ಸ್ಪ್ಯಾಮ್‌ನಲ್ಲಿ ಹುಡುಕಿದೆ, ಇರಲಿಲ್ಲ. ನಾನೇ ಬರೆದ ಫಿಲ್ಟರ್ ಅದನ್ನು ನಾನು ತೆರೆಯದ ಫೋಲ್ಡರ್ ಒಂದಕ್ಕೆ ತಳ್ಳಿತ್ತು. ಅಂಕಣಕ್ಕೆ ತಿದ್ದುಪಡಿ ಹಾಕಿದ್ದಾಯ್ತು. ಎಂಜಿನಿಯರಿಂಗ್ ಓದಿದವನ ಪಾಲಿಗೆ ಇದು ಸಣ್ಣ ಮುಜುಗರವೇನಲ್ಲ.

ಸಂಘಟನೆ, ಓದುಗ ಬಳಗ, ಸಣ್ಣ ಸುದ್ದಿತಾಣ ಅಂತ ಸ್ವಂತ ಡೊಮೈನ್‌ನಲ್ಲಿ ಮೇಲ್ ಇಟ್ಟುಕೊಂಡಿರುವ ನಿಮ್ಮಲ್ಲಿ ಹಲವರು ರೌಂಡ್‌ಕ್ಯೂಬ್‌ನಂಥ ವೆಬ್‌ಮೇಲ್ ಬಳಸ್ತಿರ್ತೀರಿ. ನಾನು ಕಲಿತದ್ದನ್ನು ನಿಮಗಾಗಿ ಇಲ್ಲಿ ಒಟ್ಟು ಮಾಡಿದ್ದೇನೆ.

ಫಿಲ್ಟರ್ ಇರುವುದು ಎಲ್ಲಿ?

ವೆಬ್‌ಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ 'ಫಿಲ್ಟರ್ಸ್' ಅಂತ ಕಾಣುವುದು ಬರೀ ಒಂದು ಫಾರ್ಮ್. ನೀವು 'ಸೇವ್' ಒತ್ತಿದಾಗ ಅದು ಸೀವ್ ಎಂಬ ಪುಟ್ಟ ಭಾಷೆಯ ಸ್ಕ್ರಿಪ್ಟ್ ಆಗುತ್ತದೆ. ಸೀವ್ ಅಂದ್ರೆ ಜರಡಿ. ಇದರ ಈಗಿನ ಮೂಲ ನಿಯಮಾವಳಿ 2008ರ ಆರ್‌ಎಫ್‌ಸಿ 5228. ಸ್ಕ್ರಿಪ್ಟನ್ನು ಸರ್ವರ್‌ಗೆ ಮುಟ್ಟಿಸುವ ದಾರಿಯ ಹೆಸರು ಮ್ಯಾನೇಜ್‌ಸೀವ್. ಅದು 4190ನೇ ಪೋರ್ಟ್‌ನಲ್ಲಿ ಓಡಾಡುತ್ತದೆ.

ಹೊಸ ಮೇಲ್ ಸರ್ವರ್‌ಗೆ ತಲುಪಿ, ಪೆಟ್ಟಿಗೆಗೆ ಬೀಳುವ ಕ್ಷಣದಲ್ಲಿ ಮಾತ್ರ ಈ ಜರಡಿ ಆಡುತ್ತದೆ. ಆಗ ನಿಮ್ಮ ಬ್ರೌಸರ್ ಮುಚ್ಚಿದ್ದರೂ ಆಗುವ ಕೆಲಸ ಆಗಿಹೋಗುತ್ತದೆ. ಹಳೆಯ ಮೇಲ್‌ಗಳನ್ನು ಅದು ತಾನಾಗಿ ಮುಟ್ಟುವುದಿಲ್ಲ. ಹಾಗಾಗಿ ಫಿಲ್ಟರ್ ಪರೀಕ್ಷಿಸಬೇಕು ಅಂದ್ರೆ ಬೇರೆ ಖಾತೆಯಿಂದ ಹೊಸ ಮೇಲ್ ಕಳಿಸಲೇಬೇಕು.

ಫಿಲ್ಟರ್ ಕೆಲಸವೇ ಮಾಡ್ತಿಲ್ಲ ಅಂದ್ರೆ

1. 'ಫಿಲ್ಟರ್ಸ್' ಮೆನುವೇ ಇಲ್ಲವಾ? ರೌಂಡ್‌ಕ್ಯೂಬ್‌ನಲ್ಲಿ ಮ್ಯಾನೇಜ್‌ಸೀವ್ ಪ್ಲಗಿನ್ ಆನ್ ಆಗಿಲ್ಲ. ಮೆನು ಇದ್ದು 'ಸರ್ವರ್‌ಗೆ ಸಂಪರ್ಕ ಸಿಗಲಿಲ್ಲ' ಅಂದರೆ ಪ್ಲಗಿನ್‌ನಲ್ಲಿ ಕೊಟ್ಟ ಸರ್ವರ್ ಹೆಸರು, 4190ನೇ ಪೋರ್ಟ್, ಫೈರ್‌ವಾಲ್, ಟಿಎಲ್‌ಎಸ್ – ಈ ನಾಲ್ಕನ್ನು ನೋಡಿ.

2. ನಿಯಮ ಸೇವ್ ಆಗಿದ್ದರೂ ಅದಿರುವ ಫಿಲ್ಟರ್ ಸೆಟ್ ಚಾಲೂ ಇಲ್ಲದಿರಬಹುದು. ಸಾಮಾನ್ಯವಾಗಿ ಒಂದು ಖಾತೆಗೆ ಒಂದೇ ಸೆಟ್ ಚಾಲೂ ಇರ್ತದೆ.

3. ಎಲ್ಲ ಸರಿಯಿದೆ, ಆದರೂ ಏನೂ ಆಗ್ತಿಲ್ಲ. ಇಲ್ಲೇ ಹೆಚ್ಚು ಜನ ದಾರಿ ತಪ್ಪುವುದು. ಡವ್‌ಕಾಟ್ ಸರ್ವರ್‌ನಲ್ಲಿ ಸೀವ್ ನಡೆಯಬೇಕಾದರೆ ಮೇಲ್ ವಿತರಣೆ ಡವ್‌ಕಾಟ್‌ನ ಎಲ್‌ಎಂಟಿಪಿ ಅಥವಾ ಎಲ್‌ಡಿಎ ಮೂಲಕ ಆಗಬೇಕು, ಅಲ್ಲಿ ಸೀವ್ ಪ್ಲಗಿನ್ ಚಾಲೂ ಇರಬೇಕು. ಪೋಸ್ಟ್‌ಫಿಕ್ಸ್ ತಾನೇ ನೇರವಾಗಿ ಪೆಟ್ಟಿಗೆಗೆ ಹಾಕಿಬಿಟ್ಟರೆ ನಿಮ್ಮ ಸ್ಕ್ರಿಪ್ಟನ್ನು ಯಾರೂ ಓದುವುದೇ ಇಲ್ಲ. ವೆಬ್‌ಮೇಲ್ ಮಾತ್ರ 'ಸೇವ್ ಆಯ್ತು' ಅಂತ ಹೇಳ್ತಲೇ ಇರ್ತದೆ.

4. ಅಡ್ಮಿನ್‌ನ ಸ್ಕ್ರಿಪ್ಟ್ ನಿಮ್ಮದಕ್ಕಿಂತ ಮೊದಲೇ ಓಡಿರಬಹುದು. ಅದು ಮೇಲನ್ನು ಜಂಕ್‌ಗೆ ಹಾಕಿದ್ದರೆ ನಿಮ್ಮ ಸ್ಕ್ರಿಪ್ಟ್‌ನ ಸರದಿ ಬರುವುದೇ ಇಲ್ಲ.

ಕೆಲಸ ಮಾಡ್ತಿದೆ, ಆದರೆ ತಪ್ಪಾಗಿ

ನನ್ನ ತಪ್ಪು ಈ ಜಾತಿಯದು. ಸುದ್ದಿಪತ್ರಗಳ ಕಾಟ ತಾಳಲಾರದೆ 'ವಿಷಯದಲ್ಲಿ ಮಾಹಿತಿ ಎಂಬ ಪದವಿದ್ದರೆ ವಾರಪತ್ರ ಫೋಲ್ಡರ್‌ಗೆ ಹಾಕು' ಅಂತ ನಿಯಮ ಬರೆದಿದ್ದೆ. 'ಮಾಹಿತಿ ಹಕ್ಕು ಅಧಿನಿಯಮ' ಅಂತ ಶುರುವಾದ ಪತ್ರವೂ ಅದೇ ಬಲೆಗೆ ಬಿತ್ತು. ಸಾಲದ್ದಕ್ಕೆ ಆ ಫೋಲ್ಡರ್‌ಗೆ 'ಸಬ್‌ಸ್ಕ್ರೈಬ್' ಟಿಕ್ ಇರಲಿಲ್ಲ. ಟಿಕ್ ಇಲ್ಲದ ಫೋಲ್ಡರ್ ರೌಂಡ್‌ಕ್ಯೂಬ್‌ನ ಎಡಪಟ್ಟಿಯಲ್ಲಿ ಕಾಣುವುದೇ ಇಲ್ಲ. ಸೆಟ್ಟಿಂಗ್ಸ್‌ನ 'ಫೋಲ್ಡರ್ಸ್' ಪುಟಕ್ಕೆ ಹೋಗಿ ನೋಡಬೇಕು.

ಈಗ ಪದದ ಬದಲು ಲಿಸ್ಟ್-ಐಡಿ ಹೆಡರ್ ನೋಡುವ ನಿಯಮ ಹಾಕಿದ್ದೇನೆ. ಸುದ್ದಿಪತ್ರಗಳಲ್ಲಿ ಅದು ಸಾಮಾನ್ಯವಾಗಿ ಇರ್ತದೆ, ಅಧಿಕಾರಿ ಕೈಯಾರೆ ಬರೆದ ಪತ್ರದಲ್ಲಿ ಇರೋದಿಲ್ಲ.

ಇನ್ನೆರಡು ನೋಡಿಕೊಳ್ಳಿ. 'ಯಾವುದಾದರೂ ಒಂದು ಹೊಂದಿದರೆ' ಮತ್ತು 'ಎಲ್ಲವೂ ಹೊಂದಿದರೆ' ನಡುವೆ ಅಜಗಜಾಂತರ. ಹಾಗೆಯೇ ಒಂದು ನಿಯಮ ಮೇಲನ್ನು ಫೋಲ್ಡರ್‌ಗೆ ಹಾಕಿದ ಮಾತ್ರಕ್ಕೆ ಮುಂದಿನ ನಿಯಮಗಳು ನಿಲ್ಲುವುದಿಲ್ಲ. ನಿಲ್ಲಬೇಕಾದರೆ 'ಸ್ಟಾಪ್' ಸೇರಿಸಬೇಕು.

ಕನ್ನಡದ ತೊಡಕು

ಕನ್ನಡ ಪದ ಹುಡುಕುವ ನಿಯಮಕ್ಕೆ ಬೇರೆಯದೇ ತಲೆನೋವಿದೆ. ಸೀವ್ ಕಣ್ಣಿಗೆ ಕಾಣುವ ಅಕ್ಷರವನ್ನಲ್ಲ, ಅದರ ಹಿಂದಿನ ಯೂನಿಕೋಡ್ ಸಂಕೇತಗಳನ್ನು ಹೋಲಿಸುತ್ತದೆ. 'ಆರ್‌ಟಿಐ' ಅಂತ ಬಿಡಿಸಿ ಬರೆಯಲು ನಡುವೆ ಕಾಣದ ಒಂದು ಸಂಕೇತ ಹಾಕ್ತೇವೆ. ಅದಿಲ್ಲದಿದ್ದರೆ 'ಆರ್ಟಿಐ' ಆಗುತ್ತದೆ. ಓದುವವರಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. 'ಕೊ' ಎಂಬಲ್ಲಿನ ಒತ್ವವನ್ನೂ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಊತ್ವ ಸೇರಿಸಿಯೂ ಬರೆಯಬಹುದು. ನೋಟ ಒಂದೇ, ಹೋಲಿಕೆ ಮಾತ್ರ ಕೂಡುವುದಿಲ್ಲ.

ಫೋಲ್ಡರ್ ಹೆಸರು ಕನ್ನಡದಲ್ಲಿದ್ದರೂ ಎಚ್ಚರ ಬೇಕು. ಐಮ್ಯಾಪ್ ಹಿಂದಿನಿಂದಲೂ ಫೋಲ್ಡರ್ ಹೆಸರುಗಳಿಗೆ ಯುಟಿಎಫ್-7ರ ಒಂದು ರೂಪಾಂತರ ಬಳಸುತ್ತದೆ, ಸೀವ್ ಯುಟಿಎಫ್-8 ಬಳಸುತ್ತದೆ. ಪ್ಲಗಿನ್‌ನಲ್ಲಿ ಇದು ತಪ್ಪಾಗಿದ್ದರೆ ಸರ್ವರ್‌ಗೆ ಆ ಫೋಲ್ಡರ್ ಸಿಗುವುದಿಲ್ಲ. ಆಗ ಡವ್‌ಕಾಟ್ ದೋಷ ದಾಖಲಿಸಿ ಮೇಲನ್ನು ಇನ್‌ಬಾಕ್ಸ್‌ನಲ್ಲೇ ಬಿಡುತ್ತದೆ.

ಅಡ್ಮಿನ್‌ಗೆ ಏನು ಕೇಳಬೇಕು?

'ಮೇಲ್ ಬರ್ತಿಲ್ಲ' ಅಂದರೆ ಯಾರಿಗೂ ಏನೂ ತಿಳಿಯದು. ಕಳಿಸಿದವರ ಹತ್ತಿರ ದಿನ, ಸಮಯ, ಸಾಧ್ಯವಾದರೆ ಮೆಸೇಜ್-ಐಡಿ ಪಡೆಯಿರಿ. ಅದನ್ನು ಕೊಟ್ಟು ಮೇಲ್ ಲಾಗ್‌ನಲ್ಲಿ ಹುಡುಕಲು ಹೇಳಿ. ಯಾವ ಫೋಲ್ಡರ್‌ಗೆ ಹಾಕಲಾಯಿತು ಅಂತ ಡವ್‌ಕಾಟ್ ಅಲ್ಲಿ ಬರೆದಿಟ್ಟಿರುತ್ತದೆ. ನನ್ನ ಪ್ರಕರಣ ಬಗೆಹರಿದಿದ್ದೂ ಆ ಒಂದು ಸಾಲಿನಿಂದಲೇ.

ಎರಡು ಎಚ್ಚರಿಕೆ

'ಡಿಸ್ಕಾರ್ಡ್' ಬಳಸಬೇಡಿ. ಅದು ಮೇಲನ್ನು ಸದ್ದಿಲ್ಲದೆ ಬಿಸಾಡುತ್ತದೆ, ಕಳಿಸಿದವರಿಗೂ ಸುದ್ದಿ ಹೋಗುವುದಿಲ್ಲ. ಬೇಡದ್ದನ್ನು ಒಂದು ಫೋಲ್ಡರ್‌ಗೆ ಹಾಕಿ, ವಾರಕ್ಕೊಮ್ಮೆ ಕಣ್ಣಾಡಿಸಿ.

'ರಿಡೈರೆಕ್ಟ್' ನಿಯಮಗಳನ್ನು ಇವತ್ತೇ ನೋಡಿ. ಸಂಘಟನೆಯ ಮೇಲ್ ಪಾಸ್‌ವರ್ಡ್ ಹತ್ತು ಕೈ ದಾಟಿರುತ್ತದೆ. ಅವರಲ್ಲಿ ಯಾರೋ ಒಬ್ಬರು ಪ್ರತಿಯೊಂದು ಮೇಲ್‌ನ ನಕಲು ತಮ್ಮ ವಿಳಾಸಕ್ಕೆ ಹೋಗುವಂತೆ ಮಾಡಿಟ್ಟಿದ್ದರೆ, ಪಾಸ್‌ವರ್ಡ್ ಬದಲಿಸಿದರೂ ಆ ನಿಯಮ ಅಳಿಯದು. ನಿಮ್ಮ ಮೂಲಗಳ ಹೆಸರು, ದೂರುದಾರರ ಫೋನ್ ನಂಬರ್ ಎಲ್ಲವೂ ಹೊರಗೆ ಹೋಗ್ತಿರ್ತವೆ.

ಪ್ರಭುತ್ವದ ಮೌನವನ್ನು ಪ್ರಶ್ನಿಸುವುದು ನಮ್ಮ ಕೆಲಸ, ಅದನ್ನು ಬಿಡುವ ಮಾತಿಲ್ಲ. ಆದರೆ 'ಉತ್ತರ ಕೊಟ್ಟಿಲ್ಲ' ಅಂತ ಬರೆಯುವ ಮುನ್ನ ಈಗ ನಾನು ಫೋಲ್ಡರ್ಸ್ ಪುಟ ತೆರೆದು, ಎಲ್ಲವನ್ನೂ ಒಮ್ಮೆ ಹುಡುಕುತ್ತೇನೆ. ಐದು ನಿಮಿಷದ ಕೆಲಸ. ಅವತ್ತು ಅದನ್ನು ಮಾಡಿದ್ದರೆ, ಆ ಇಲಾಖೆಯ ಉತ್ತರದಲ್ಲಿ ನಿಜಕ್ಕೂ ಇದ್ದ ಲೋಪಗಳ ಬಗ್ಗೆಯೇ ಬರೆಯಬಹುದಿತ್ತು.