ಮೇಲ್ದರ್ಜೆಯ ಟಿಕೀಟು: ಒಂದು ಹಳೆಯ ಲೆಕ್ಕ

ಪ್ರಯಾಣಕ್ಕೆ ಹೊರಟವನು ಊರು ಮುಟ್ಟುವುದಕ್ಕಾಗಿ ಹಣ ಕೊಡುತ್ತಾನೆ. ಅದರ ಮೇಲೆ ಇನ್ನಷ್ಟು ಕೊಟ್ಟರೆ ಕುಳಿತುಕೊಳ್ಳುವ ಸುಖವೂ ದೊರೆಯುವುದೆಂದು ಅವನಿಗೆ ಹೇಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಜನ ಹುಬ್ಬಳ್ಳಿಗೋ ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ವಿಮಾನ ಹತ್ತುವುದು ಈಗ ಅಪರೂಪವಲ್ಲ. ದೂರದೇಶದಲ್ಲಿ ನೆಲೆಸಿದ ಮಗಳನ್ನು ನೋಡಲು ವಯಸ್ಸಾದ ತಂದೆತಾಯಿ ಹೊರಡುತ್ತಾರೆ. ಕೊಲ್ಲಿಯ ದೇಶಗಳಿಗೆ ದುಡಿಮೆಗಾಗಿ ತರುಣರು ಹೊರಡುತ್ತಾರೆ. ಟಿಕೀಟು ಕೊಳ್ಳುವ ಹೊತ್ತಿಗೆ ಎಲ್ಲರಿಗೂ ಒಂದೇ ಪ್ರಶ್ನೆ ಎದುರಾಗುತ್ತದೆ: ಮುಂದಿನ ಸಾಲು ಬೇಕೆ? ಕಾಲು ಚಾಚಲು ಹೆಚ್ಚಿನ ಸ್ಥಳ ಬೇಕೆ? ಬೇಕಾದರೆ ಅದಕ್ಕೆ ಬೇರೆ ಬೆಲೆ.

ಕೊಡಬೇಕೆ, ಬಿಡಬೇಕೆ? ಈ ಪ್ರಶ್ನೆ ವಿಮಾನದೊಡನೆ ಹುಟ್ಟಿದ್ದಲ್ಲ. ನಮ್ಮ ಸೀಮೆಯ ಮಟ್ಟಿಗೆ ಹೇಳುವುದಾದರೆ ಅದಕ್ಕೆ ನೂರಮೂವತ್ತು ವರ್ಷಗಳಿಗೂ ಮಿಕ್ಕ ವಯಸ್ಸಾಗಿದೆ. ಹಳೆಯ ಲೆಕ್ಕವನ್ನು ಒಮ್ಮೆ ತಿರುವಿಹಾಕಿದರೆ ಹೊಸ ಲೆಕ್ಕ ಸುಲಭವಾದೀತು. ಆದಕಾರಣ ವಾಚಕರು ನನ್ನೊಡನೆ ಸ್ವಲ್ಪ ಹಿಂದಕ್ಕೆ ಬರಬೇಕು.

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಮಹಾಕ್ಷಾಮವನ್ನು ನಮ್ಮ ಹಿರಿಯರು ಮರೆತಿರಲಿಲ್ಲ. ಕಾಳು ಇದ್ದ ಊರಿನಿಂದ ಇಲ್ಲದ ಊರಿಗೆ ಅದನ್ನು ಸಾಗಿಸಲು ಎತ್ತಿನ ಬಂಡಿಯ ಹೊರತು ಬೇರೆ ಸಾಧನವಿರಲಿಲ್ಲ. ಬರದಲ್ಲಿ ಎತ್ತುಗಳೇ ಸತ್ತವು. ಇಂಥ ಅನುಭವದ ಮೇಲೆ ಒಳನಾಡಿಗೆ ರೈಲು ಬೇಕೆಂಬ ಮಾತು ಬಲವಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹುಬ್ಬಳ್ಳಿ, ಗದಗ, ಹೊಸಪೇಟೆ, ಬಳ್ಳಾರಿಗಳನ್ನು ಗುಂತಕಲ್ಲಿಗೆ ಕೂಡಿಸಿದ ಮೀಟರ್ ಗೇಜಿನ ಹಳಿ ಕೊಪ್ಪಳವನ್ನು ಹಾದುಹೋಯಿತು. ಕೊಪ್ಪಳ ಆಗ ನಿಜಾಮರ ರಾಜ್ಯಕ್ಕೆ ಸೇರಿತ್ತು. ಹಳಿ ಮಾತ್ರ ಬ್ರಿಟಿಷ್ ಕಂಪನಿಯದು. 1908ರಲ್ಲಿ ಆ ಕಂಪನಿ ಮದರಾಸು ರೈಲ್ವೆಯೊಡನೆ ಕೂಡಿಕೊಂಡು, ನಮ್ಮ ಅಜ್ಜಂದಿರು 'ಎಂ. ಎಸ್. ಎಂ.' ಎಂದು ಕರೆಯುತ್ತಿದ್ದ ದೊಡ್ಡ ಸಂಸ್ಥೆಯಾಯಿತು.

ಕ್ಷಾಮದ ನೆನಪಿನಿಂದ ಹುಟ್ಟಿದ ಈ ರೈಲಿನಲ್ಲಿಯೂ ದರ್ಜೆಗಳು ಬಂದವು. ಭಾರತದ ರೈಲುಗಳಲ್ಲಿ ಆಗ ಮೊದಲನೆಯದು, ಎರಡನೆಯದು, ಕೆಲವೆಡೆ ನಡುವಣ ಇಂಟರ್, ಕೊನೆಗೆ ಮೂರನೆಯದು ಎಂಬ ಏರ್ಪಾಡಿತ್ತು. ಮೊದಲನೆಯದರಲ್ಲಿ ಮೆತ್ತನೆಯ ಪೀಠ. ಮೂರನೆಯದರಲ್ಲಿ ಮರದ ಹಲಗೆ. ಎಂಜಿನ್ನು ಮಾತ್ರ ಒಂದೇ. ಮೆತ್ತೆಯ ಮೇಲೆ ಕುಳಿತವನೂ ಹಲಗೆಯ ಮೇಲೆ ಕುಳಿತವನೂ ಒಂದೇ ನಿಮಿಷದಲ್ಲಿ ಗದಗನ್ನು ಮುಟ್ಟುತ್ತಿದ್ದರು. ಹೆಚ್ಚಿನ ಹಣ ಕೊಂಡದ್ದು ದಾರಿಯನ್ನಲ್ಲ, ದಾರಿಯಲ್ಲಿ ಕಳೆಯುವ ಗಂಟೆಗಳ ಬಗೆಯನ್ನು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ವಿಮಾನದ ಲೆಕ್ಕಕ್ಕೂ ಅದೇ ಬೀಗದ ಕೈ.

ಈ ಎರಡು ದರ್ಜೆಗಳ ನಡುವಣ ಅಂತರವನ್ನು ಅಳೆದು ಬರೆದವರು ಮಹಾತ್ಮಾ ಗಾಂಧಿಯವರು. 1915ರಲ್ಲಿ ದಕ್ಷಿಣ ಆಫ್ರಿಕದಿಂದ ಹಿಂದಿರುಗಿದ ಮೇಲೆ ಅವರು ಬೇಕೆಂದೇ ಮೂರನೆಯ ದರ್ಜೆಯಲ್ಲಿ ದೇಶ ಸುತ್ತಿದರು. 1917ರಲ್ಲಿ ಮುಂಬಯಿಯಿಂದ ಮದರಾಸಿಗೆ ಹೋಗುವ ಮೇಲ್ ಗಾಡಿಯಲ್ಲಿ 13 ರೂಪಾಯಿ 9 ಆಣೆ ಕೊಟ್ಟು ಕುಳಿತರು. ಡಬ್ಬಿಯ ಮೇಲೆ 22 ಜನಕ್ಕೆ ಸ್ಥಳವೆಂದು ಬರೆದಿತ್ತು; ಒಳಗೆ ಒಮ್ಮೊಮ್ಮೆ 35 ಜನ ತುಂಬಿದ್ದರು. ಪ್ರಯಾಣದುದ್ದಕ್ಕೂ ಒಮ್ಮೆಯೂ ಕಸ ಗುಡಿಸಲಿಲ್ಲ. ನಮಗೆ ನೆರೆಯಾದ ರಾಯಚೂರು ದಾಟಿದ ಮೇಲೆ ನೂಕುನುಗ್ಗಲು ತಡೆಯಲಾರದಷ್ಟಾಯಿತೆಂದು ಅವರು ಬರೆದಿದ್ದಾರೆ. ಆ ರಾಯಚೂರಿನ ಗುಂಪಿನಲ್ಲಿ ನಮ್ಮ ಸೀಮೆಯವರೂ ಇದ್ದಿರಬಹುದು.

ಅಲ್ಲಿ ಗಾಂಧಿಯವರು ಒಂದು ಲೆಕ್ಕ ಹಾಕಿದರು. ಮೊದಲನೆಯ ದರ್ಜೆಯ ದರ ಮೂರನೆಯದರ ಐದರಷ್ಟಕ್ಕೂ ಹೆಚ್ಚು. ಹಾಗಿದ್ದರೆ ಮೂರನೆಯವನಿಗೆ ಐದನೆಯ ಒಂದು ಪಾಲು ಸುಖವಾದರೂ ಸಿಗಬೇಡವೇ? ಹತ್ತನೆಯ ಒಂದು ಪಾಲೂ ಇಲ್ಲವೆಂಬುದು ಅವರ ದೂರು. ಮೇಲಿನವರ ಬೆಳೆಯುತ್ತಿರುವ ವೈಭವಕ್ಕೆ ಕೆಳಗಿನವರ ಕಾಸೇ ಆಧಾರವೆಂದೂ ಅವರು ತೋರಿಸಿದರು. ಗಮನಿಸಿರಿ: ಮೇಲ್ದರ್ಜೆಯವನು ಕೊಟ್ಟ ಹಣ ವ್ಯರ್ಥವೆಂದು ಅವರು ಹೇಳಲಿಲ್ಲ. ಕೆಳದರ್ಜೆಯವನು ಕೊಟ್ಟ ಹಣಕ್ಕೆ ತಕ್ಕದ್ದು ಸಿಗಲಿಲ್ಲವೆಂದು ಹೇಳಿದರು. ಕೆಳಗಿನ ಪೀಠ ಅಷ್ಟು ಕೆಟ್ಟಿದ್ದರಿಂದಲೇ ಮೇಲಿನ ಪೀಠ ಅಷ್ಟು ಒಳ್ಳೆಯದಾಗಿ ಕಂಡಿತು.

ಸ್ವಾತಂತ್ರ್ಯ ಬಂದ ಮೇಲೆ ಈ ಲೆಕ್ಕ ಮೆಲ್ಲಮೆಲ್ಲನೆ ಬದಲಾಯಿತು. 1955ರಲ್ಲಿ ಹಳೆಯ ಮೊದಲನೆಯ ದರ್ಜೆಯನ್ನು ತೆಗೆದು, ಎರಡನೆಯದಕ್ಕೆ ಆ ಹೆಸರು ಕೊಟ್ಟರು. 1974ರಲ್ಲಿ 'ಮೂರನೆಯ ದರ್ಜೆ' ಎಂಬ ಹೆಸರೇ ಅಳಿಯಿತು. ಹೆಸರು ಅಳಿದರೂ ಹಲಗೆ ಉಳಿದಿತ್ತು. 1977ರಲ್ಲಿ ರೈಲ್ವೆ ಮಂತ್ರಿಗಳಾದ ಮಧು ದಂಡವತೆಯವರು ಎರಡನೆಯ ದರ್ಜೆಯ ಮಲಗುವ ಹಲಗೆಗಳಿಗೆ ಎರಡು ಅಂಗುಲದ ಮೆತ್ತೆ ಹಾಕಿಸಲು ಮೊದಲು ಮಾಡಿದರು. ಕೇಳಲು ಸಣ್ಣ ಮಾತು. ಆದರೆ ರಾತ್ರಿಯೆಲ್ಲ ಹಲಗೆಯ ಮೇಲೆ ಹೊರಳಿ ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದವನನ್ನು ಕೇಳಿರಿ, ಎರಡು ಅಂಗುಲದ ಬೆಲೆ ಹೇಳುತ್ತಾನೆ. ಹಿಂದೆ ಹೆಚ್ಚು ಹಣ ಕೊಟ್ಟವನಿಗೆ ಮಾತ್ರ ಇದ್ದ ಸುಖ ಆ ದಿನ ಎಲ್ಲರದಾಯಿತು.

ಇನ್ನು ಆಕಾಶದ ಮಾರ್ಗಕ್ಕೆ ಬರೋಣ. ಅದರ ಕಥೆಯೂ ನಮ್ಮ ಮಗ್ಗುಲಲ್ಲಿಯೇ ಮೊದಲಾಗುತ್ತದೆ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆಯ ಚೀಲ ಹೊತ್ತ ಸಣ್ಣ ವಿಮಾನವನ್ನು ಹಾರಿಸಿಕೊಂಡು ಬಂದರು. ಅಲ್ಲಿಂದ ನೆವಿಲ್ ವಿನ್ಸೆಂಟರು ಅಂಚೆಯನ್ನು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಮುಟ್ಟಿಸಿದರು. ಕೊಪ್ಪಳದಿಂದ ರೈಲಿನಲ್ಲಿ ಕೆಲವೇ ಗಂಟೆಗಳ ದಾರಿಯಾದ ಬಳ್ಳಾರಿ ಹೀಗೆ ಭಾರತದ ಮೊದಲ ವಿಮಾನಮಾರ್ಗಗಳಲ್ಲೊಂದರ ತಂಗುದಾಣವಾಯಿತು. ಮೊದಲ ವರ್ಷದಲ್ಲಿ ಆ ಸಂಸ್ಥೆ ಸುಮಾರು ಹತ್ತು ಟನ್ನು ಅಂಚೆಯನ್ನೂ 155 ಪ್ರಯಾಣಿಕರನ್ನೂ ಸಾಗಿಸಿತು. ಪ್ರಯಾಣಿಕನಿಗಾಗಿ ಬೇರೆ ಏರ್ಪಾಡೇನೂ ಇರಲಿಲ್ಲ. ಅಂಚೆಯ ಚೀಲಗಳೇ ಅವನ ಜೊತೆ. ಅಲ್ಲಿ ಮೇಲ್ದರ್ಜೆಯೂ ಇಲ್ಲ, ಕೆಳದರ್ಜೆಯೂ ಇಲ್ಲ. ಅವನು ಹೆಚ್ಚಿನ ಹಣ ಕೊಟ್ಟದ್ದು ಕಾಲವನ್ನು ಉಳಿಸಲು.

ವಿಮಾನದಲ್ಲಿ ದರ್ಜೆಗಳು ಹುಟ್ಟಿದ ಬಗೆ ರೈಲಿಗಿಂತ ತೀರ ಭಿನ್ನ. ರೈಲಿನಲ್ಲಿ ದರ್ಜೆಗಳು ಮೊದಲಿನಿಂದಲೇ ಇದ್ದು ಕಾಲಕ್ರಮದಲ್ಲಿ ಕಡಿಮೆಯಾದವು. ವಿಮಾನದಲ್ಲಿ ಮೊದಲು ವಿರಳವಾಗಿದ್ದು ಬರಬರುತ್ತ ಹೆಚ್ಚಿದವು. 1952ರಲ್ಲಿ ಅಟ್ಲಾಂಟಿಕ್ ಸಾಗರದ ಮೇಲಣ ಮಾರ್ಗಗಳಲ್ಲಿ ಕಡಿಮೆ ದರದ 'ಟೂರಿಸ್ಟ್' ದರ್ಜೆ ಬಂದಿತು. 1958ರಲ್ಲಿ ಅದಕ್ಕೂ ಅಗ್ಗದ 'ಎಕಾನಮಿ' ಬಂದಿತು. 1970ರ ದಶಕದ ಕೊನೆಗೆ ಎರಡರ ನಡುವೆ 'ಬಿಸಿನೆಸ್' ದರ್ಜೆ, 1990ರ ದಶಕದ ಆರಂಭದಲ್ಲಿ ಅದಕ್ಕೂ ಕೆಳಗೆ 'ಪ್ರೀಮಿಯಂ ಎಕಾನಮಿ' ಸೇರಿಕೊಂಡವು. ಈಚೆಗೆ ಒಂದೇ ದರ್ಜೆಯೊಳಗೂ ಸಾಲು ಸಾಲಿಗೆ ಬೆಲೆ ಬಂದಿದೆ. ಹಳೆಯ ರೈಲಿನ ಇಂಟರ್ ದರ್ಜೆಯೇ ಬೇರೆ ಹೆಸರಿನಿಂದ ಆಕಾಶಕ್ಕೆ ಏರಿದೆಯೆಂದರೆ ತಪ್ಪಾಗದು.

ಈಗ ಮೊದಲಿನ ಪ್ರಶ್ನೆ. ಹೆಚ್ಚಿನ ಹಣ ಏನನ್ನು ಕೊಳ್ಳುತ್ತದೆ? ಕಾಲು ಚಾಚುವ ಸ್ಥಳ ಒಂದು, ನಿದ್ರೆ ಇನ್ನೊಂದು, ಮೊದಲು ಏರಿ ಮೊದಲು ಇಳಿಯುವುದು ಮತ್ತೊಂದು, ಮನ್ನಣೆ ಕೊನೆಯದು. ನಾಲ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಸುಮಾರು ಒಂದು ಗಂಟೆಯ ದಾರಿ. ಕೊಪ್ಪಳದಿಂದ ಹುಬ್ಬಳ್ಳಿಗೆ ಹೋಗುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆ ಹೊತ್ತನ್ನೆಲ್ಲ ಕೆಂಪು ಬಸ್ಸಿನಲ್ಲಿ, ಕಿಟಕಿಯಿಂದ ಟವೆಲ್ಲು ಹಾಕಿ ಹಿಡಿದ ಸೀಟಿನಲ್ಲಿ ಕಳೆದವನು, ಒಂದು ಗಂಟೆಯ ವಿಮಾನದಲ್ಲಿ ನಾಲ್ಕು ಅಂಗುಲಕ್ಕಾಗಿ ನೂರಾರು ರೂಪಾಯಿ ಕೊಡುವುದರಲ್ಲಿ ಅರ್ಥವಿಲ್ಲ. ಸಣ್ಣ ಊರುಗಳಿಗೆ ಹಾರುವ ಎ. ಟಿ. ಆರ್. 72 ಜಾತಿಯ ವಿಮಾನದಲ್ಲಿ ಒಂದು ತಮಾಷೆಯೂ ಉಂಟು. 2017ರಲ್ಲಿ ತೋರಣಗಲ್ಲಿನ ಬಳಿಯ ವಿದ್ಯಾನಗರಕ್ಕೆ ಬರಲು ಮೊದಲು ಮಾಡಿದ್ದು ಇದೇ ಬಗೆಯ ವಿಮಾನ. ಅದರಲ್ಲಿ ಪ್ರಯಾಣಿಕರ ಬಾಗಿಲು ಇರುವುದು ಹಿಂಭಾಗದಲ್ಲಿ. ಹೆಚ್ಚು ಕೊಟ್ಟು ಮುಂದಿನ ಸಾಲು ಹಿಡಿದವನು ಎಲ್ಲರಿಗಿಂತ ಕೊನೆಗೆ ಇಳಿಯುತ್ತಾನೆ! ಪೀಠಕ್ಕೆ ಹಣ ಕೊಡುವ ಮೊದಲು ಬಾಗಿಲು ಎಲ್ಲಿದೆಯೆಂದು ಕೇಳುವುದು ಒಳ್ಳೆಯದು.

ದೂರದ ಪ್ರಯಾಣದ ಮಾತು ಬೇರೆ. ಹತ್ತು ಹನ್ನೆರಡು ಗಂಟೆ, ಅದೂ ರಾತ್ರಿ, ಮೊಣಕಾಲು ನೋವಿನ ಹಿರಿಯರು ಕುಳಿತಿರಬೇಕಾದಾಗ ಆ ಅಂಗುಲಗಳಿಗೆ ಬೆಲೆಯುಂಟು. ಮಲಗಲು ಬಂದರಂತೂ ಮರುದಿನವೇ ಉಳಿಯುತ್ತದೆ. ಆದರೆ ಇಲ್ಲಿಯೂ ಒಂದು ಭ್ರಮೆಯನ್ನು ಬಿಡಬೇಕು. ಬಹಳ ಹೊತ್ತು ಅಲುಗಾಡದೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಶೋಧನೆಯಂತೆ, ನಾಲ್ಕು ಗಂಟೆಗೆ ಮೀರಿದ ಪ್ರಯಾಣದಲ್ಲಿ ಈ ಅಪಾಯ ಸುಮಾರು ಇಮ್ಮಡಿಯಾಗುತ್ತದೆ. ಆದರೂ ಆರೋಗ್ಯವಂತರಲ್ಲಿ ಅದು ಆರು ಸಾವಿರಕ್ಕೆ ಒಂದರಷ್ಟು. ಇದಕ್ಕೆ ಮುಖ್ಯ ಕಾರಣ ಪೀಠದ ದರ್ಜೆಯಲ್ಲ, ಅಲುಗಾಡದಿರುವುದು. ಬಸ್ಸು, ರೈಲು, ಕಾರುಗಳಲ್ಲಿಯೂ ಅದೇ ಅಪಾಯ. ನಡುವಿನ ಹಾದಿಯ ಪಕ್ಕದ ಸಾಮಾನ್ಯ ಪೀಠದಲ್ಲಿ ಕುಳಿತು, ಆಗಾಗ್ಗೆ ಎದ್ದು ನಾಲ್ಕು ಹೆಜ್ಜೆ ನಡೆಯುವವನು, ದುಬಾರಿ ಪೀಠದಲ್ಲಿ ಮಿಸುಕದೆ ಕುಳಿತವನಿಗಿಂತ ಜಾಣ. ಹಿಂದೆ ಇಂಥ ತೊಂದರೆ ಪಟ್ಟವರು ಮಾತ್ರ ವೈದ್ಯರನ್ನು ಕೇಳಿಯೇ ಹೊರಡಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತದೆ ನಮ್ಮ ಗಾದೆ. ಸಾಲ ಮಾಡಿ ಕೊಲ್ಲಿಗೆ ಹೊರಟ ತರುಣನಿಗೆ ಅದೇ ಬುದ್ಧಿವಾದ: ನಾಲ್ಕೈದು ಗಂಟೆಯ ದಾರಿಯ ಸುಖಕ್ಕಾಗಿ ಒಂದು ವಾರದ ದುಡಿಮೆಯನ್ನು ಕೊಡಬೇಡ. ಆದರೆ ವಾಚಕರೇ, ಈ ಗಾದೆಯಿಂದ ಮಾತು ಮುಗಿಯುವುದಿಲ್ಲ. ಹಾಸಿಗೆಯೇ ಇಲ್ಲದವನು ಕಾಲನ್ನು ಎಲ್ಲಿ ಚಾಚಬೇಕು?

ಕೊಪ್ಪಳದಲ್ಲಿ ರೈಲು ಕೂಗಿದ ಎಷ್ಟೋ ತಲೆಮಾರುಗಳ ಮೇಲೆಯೂ ಗಂಗಾವತಿ, ಯಲಬುರ್ಗಾ, ಕುಷ್ಟಗಿಗಳಿಗೆ ಹಳಿ ಇರಲಿಲ್ಲ. ಭತ್ತ ಬೆಳೆಯುವ ಗಂಗಾವತಿಗೆ ಅದು ಗಿಣಿಗೇರಾದಿಂದ ಹೋದದ್ದು ಈಚಿನ ವರ್ಷಗಳಲ್ಲಿ. ತಳಕಲ್ಲಿನಿಂದ ಕುಷ್ಟಗಿಗೆ ರೈಲು ಓಡಿದ್ದು 2025ರ ಮೇ ತಿಂಗಳಲ್ಲಿ. ಮಳೆ ಹೋದ ವರ್ಷ ಗುಳೆ ಹೊರಡುವ ಕುಟುಂಬಗಳು ಆ ವರೆಗೆ ಗಂಟುಮೂಟೆ ಹೊತ್ತು, ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಹೋದದ್ದು ಬಸ್ಸುಗಳಲ್ಲಿ. ಅವರ ಪಾಲಿಗೆ ಮೊದಲ ಪ್ರಶ್ನೆ ಒಳ್ಳೆಯ ಪೀಠದ್ದಲ್ಲ, ಪೀಠದ್ದೇ. ವಿಮಾನಕ್ಕೂ ಈ ಮಾತು ಹೊಂದುತ್ತದೆ. 2016ರ ಉಡಾನ್ ಯೋಜನೆಯಲ್ಲಿ ಸರಕಾರ ಒಂದು ಗಂಟೆಯ ಹಾರಾಟದ ಅರ್ಧದಷ್ಟು ಪೀಠಗಳಿಗೆ 2,500 ರೂಪಾಯಿಗಳ ಮಿತಿ ಹಾಕಿದ್ದು ಸಾಮಾನ್ಯ ಪೀಠ ಸಾಮಾನ್ಯನ ಕೈಗೆ ಎಟುಕಲೆಂದು.

ಹಳೆಯ ಲೆಕ್ಕದ ಮೊತ್ತ ಇಷ್ಟು. ಮೈ ನಿಜವಾಗಿ ಬಳಸುವ ಸುಖಕ್ಕೆ, ಮುಪ್ಪಿಗೆ, ಕಾಯಿಲೆಗೆ, ಬಸಿರಿಗೆ, ದೀರ್ಘವಾದ ರಾತ್ರಿಗೆ ಹೆಚ್ಚು ಕೊಟ್ಟ ಹಣ ನಷ್ಟವಲ್ಲ. ಶಕ್ತಿಯಿದ್ದವರು ಸಂಕೋಚವಿಲ್ಲದೆ ಕೊಡಲಿ. ಪಕ್ಕದವನಿಂದ ದೂರ ಕುಳಿತೆನೆಂಬ ಹೆಮ್ಮೆಗೆ ಕೊಟ್ಟದ್ದು ಇಳಿಯುವ ಊರಿನಲ್ಲಿಯೇ ಕರಗುತ್ತದೆ. ಮೇಲಿನ ಪೀಠ ಕೊಳ್ಳಬೇಕೆನ್ನಿಸುವಷ್ಟು ಕೆಳಗಿನ ಪೀಠ ಇಕ್ಕಟ್ಟಾದಾಗ, ಚೀಲಕ್ಕೆ ಕೈ ಹಾಕುವ ಮೊದಲು ಈ ಇಕ್ಕಟ್ಟು ಏಕೆಂದು ಕೇಳುವುದನ್ನೂ ಮರೆಯಬಾರದು. ಆ ಪ್ರಶ್ನೆಯನ್ನು ರಾಯಚೂರಿನ ದಾರಿಯಲ್ಲಿ ಒಬ್ಬರು ಕೇಳಿದರು. ಅರವತ್ತು ವರ್ಷಗಳ ಮೇಲೆ ಹಲಗೆಗೆ ಎರಡು ಅಂಗುಲದ ಮೆತ್ತೆ ಬಂದಿತು.