ಗಾಲಿ ಕತ್ತರಿ, ಅವ್ವನ ಈಳಿಗಿ

ನಮ್ಮವ್ವ ಕೌದಿಗೆ ಹಳೇ ಸೀರಿ ತಗೊಂಡ್ರ ಕತ್ತರಿ ಕೇಳತಿದ್ದಿಲ್ಲ. ಅಂಚಿಗೆ ಹಲ್ಲಿಲೆ ಒಂದು ಕಚ್ಚು ಹಾಕಿ, ಎರಡೂ ಕೈಲೆ ಜಗ್ಗಿದಳಂದ್ರ ಪರ್ರ್ ಅಂತ ಹರದು ಬರತಿತ್ತು. ಅಳತಿ ಪಟ್ಟಿ ಇಲ್ಲ, ಚಾಕ್ ಇಲ್ಲ, ಆದ್ರೂ ಗೆರಿ ಸೀದಾ. ಹರಿಯೋ ಬಟ್ಟಿ ನೂಲಿನ ದಾರಿ ಬಿಟ್ಟು ಅತ್ತಾಗ ಇತ್ತಾಗ ಹೋಗಂಗಿಲ್ಲ. ನಮ್ಮ ಮನಿ ಕೌದಿಯೊಳಗ ಪಟ್ಟಿ, ಚೌಕ ಜಾಸ್ತಿ ಇರೋದಕ್ಕ ಇದೂ ಒಂದು ಕಾರಣ ಅಂತ ನನಗನಸ್ತದ. ತ್ರಿಕೋನ ಬೇಕಂದ್ರ ಹರದು ಬರಂಗಿಲ್ಲ, ಕತ್ತರಸಬೇಕು.

ನನಗ ತ್ರಿಕೋನ ಬೇಕಾಗಿತ್ತು. ಮೊಮ್ಮಗಳು ಹುಟ್ಟಿದ್ಲು, ಅವ್ವನ ಒಂದು ಹಳೇ ಇಳಕಲ್ ಸೀರಿ ಇತ್ತು, ಫೋಟೋದಾಗ ನೋಡಿದ್ದ ಅಮೆರಿಕಾದ ಕ್ವಿಲ್ಟಿನ ಹಂಗ ಹೊಲೀಬೇಕು ಅಂತ ಹುಚ್ಚು ಹತ್ತಿತ್ತು. ತಂಗಿ ಮಗಳು ಊರಿಗೆ ಬರೋ ಮುಂದ ಸೂಟ್‌ಕೇಸಿನಾಗ ಒಂದು ರೋಟರಿ ಕಟರ್ ತಂದ್ಲು. ತುದಿಗೆ ಉಕ್ಕಿನ ಗಾಲಿ, ಹಿಂದ ಹಿಡಿಕಿ. ನೋಡಿದ ಕೂಡಲೆ ಅವ್ವ, “ಇದು ಕರ್ಚಿಕಾಯಿ ಅಂಚು ಕತ್ತರಸೋದಲ್ಲೇನ?” ಅಂದ್ಲು. ಹೌದು, ಅದರ ಅಕ್ಕ ಇದ್ದಂಗ ಅದ. ಆದ್ರ ಕರ್ಚಿಕಾಯಿ ಗಾಲಿ ಬೆರಳ ಮ್ಯಾಲೆ ಹೋದ್ರ ಗೆರಿ ಮೂಡತದ ಅಷ್ಟ. ಇದು ಹಂಗ ಬಿಡೋದಲ್ಲ.

ಈ ಗಾಲಿ ಹುಟ್ಟಿದ್ದು ಜಪಾನಿನ ಒಸಾಕಾದಾಗ. ಯೋಶಿಯೋ ಒಕಾದಾ ಅನ್ನಾಂವ ಅಲ್ಲಿ ಒಂದು ಛಾಪಖಾನಿಯೊಳಗ ಕಾಗದ ಕತ್ತರಸೋ ಕೆಲಸ ಮಾಡತಿದ್ದ. ಬ್ಲೇಡು ಲಗೂನ ಮೊಂಡಾಗತಿದ್ವು. ಹಿಂದಕ ಚಮ್ಮಾರರು ಗಾಜಿನ ಚೂರು ಮೊಂಡಾತಂದ್ರ ಅದನ್ನ ಮುರದು ಹೊಸಾ ಅಂಚು ಮಾಡಕೊಳ್ಳತಿದ್ರು. ಯುದ್ಧ ಮುಗದ ಮ್ಯಾಲೆ ಬಂದ ಅಮೆರಿಕಾದ ಸೈನಿಕರು ಕೊಡೋ ಚಾಕಲೇಟಿನಾಗ ಗೆರಿ ಇದ್ದಲ್ಲೆ ಪಟ್ ಅಂತ ಮುರೀತಿತ್ತು. ಈ ಎರಡೂ ಅಂವನ ತಲ್ಯಾಗ ಕೂಡಿ, 1956ರಾಗ ತುದಿ ಮುರಕೋತ ಹೋಗೋ ಚಾಕು ಆತು. ಇವತ್ತ ನಮ್ಮ ಸ್ಟೇಶನರಿ ಅಂಗಡ್ಯಾಗ ಸಿಗೋ ಕಟರಿನ ಮೂಲ ಅದ. ಕಂಪನಿ ಹೆಸರು ಒಲ್ಫಾ. ಜಪಾನಿ ಭಾಷಾದಾಗ ‘ಒರು’ ಅಂದ್ರ ಮುರಿಯೋದು, ‘ಹಾ’ ಅಂದ್ರ ಅಲಗು. ಅದೇ ಕಂಪನಿ 1979ರಾಗ ಗಾಲಿ ಕತ್ತರಿ ತಂತು. ಅದು ಅರಬಿ ಹೊಲಿಯೋರಿಗಂತ ಮಾಡಿದ್ದು, ಆದ್ರ ಎತ್ತಿ ತಲಿಮ್ಯಾಲೆ ಇಟಗೊಂಡವರು ಅಮೆರಿಕಾದ ಕ್ವಿಲ್ಟಿನ ಹೆಣ್ಮಕ್ಕಳು.

ಯಾಕ ಅಂದ್ರ, ಸಿಂಗರ್ ಪೇಟೆಂಟ್ ತಗೊಂಡಿದ್ದು 1851ರಾಗ. ಹೊಲಿಗಿ ಅವಾಗಿಂದ ಓಡ್ಲಿಕ್ಕೆ ಹತ್ತಿತು, ಕತ್ತರಸೋದು ಮಾತ್ರ ಮನ್ಯಾಗ ಇದ್ದಲ್ಲೇ ಇತ್ತು. ರಟ್ಟಿನ ತ್ರಿಕೋನ ಮಾಡಿ, ಬಟ್ಟಿ ಮ್ಯಾಲೆ ಇಟ್ಟು, ಪೆನ್ಸಿಲ್ಲಿಲೆ ಗೆರಿ ಹೊಡದು, ಒಂದೊಂದ ಕತ್ತರಸಬೇಕು. ಒಂದು ಕ್ವಿಲ್ಟಿಗೆ ನೂರಾರು ಚೂರು. 1976ರಾಗ ಅಮೆರಿಕಾದ ಸ್ವಾತಂತ್ರ್ಯಕ್ಕ 200 ವರ್ಷ ತುಂಬಿದಾಗ ಅಲ್ಲೆ ಹಳೇ ಕೈಕೆಲಸದ ಗೀಳು ಮತ್ತ ಎದ್ದಿತ್ತು. ಮೂರು ವರ್ಷಕ್ಕ ಈ ಗಾಲಿ ಬಂತು. ದಪ್ಪ ಅಕ್ರಿಲಿಕ್ ಪಟ್ಟಿ ಇಟ್ಟು, ನಾಲ್ಕ ಪದರ ಬಟ್ಟಿ ಮ್ಯಾಲೆ ಒಮ್ಮೆ ಉರುಳಿಸಿದ್ರ ನಾಲ್ಕ ಪಟ್ಟಿ. ಮೊದಲ ಪಟ್ಟಿ ಕೂಡಿಸಿ ಹೊಲದು, ಆಮ್ಯಾಲೆ ಅಡ್ಡ ಕತ್ತರಸೋ ಪದ್ಧತಿ ಊರೂರಿಗೆ ಹಬ್ಬಿತು.

ನಾನೂ ಉರುಳಿಸಿದೆ. ಬೆಣ್ಯಾಗ ಚಾಕು ಹೋದಂಗ ಹೋತು, ಖರೇ ಹೇಳ್ತೇನಿ, ಅಷ್ಟು ಸುಖ ಆತು. ಎರಡನೇ ದಿನ ಫೋನ್ ಬಾರಸ್ತು. ಕಟರ್ ಹಂಗ ಇಟ್ಟು ಎದ್ದೆ, ಅಲಗು ಹೊರಗ. ತಿರುಗಿ ಬಂದು ಸೀರಿ ಬರಗಿದೆ, ಕಟರ್ ಅದರ ಅಡಿಗೆ ಇತ್ತು. ನೋವೇ ಆಗಲಿಲ್ಲ ನೋಡ್ರಿ. ಬಟ್ಟಿ ಕೆಂಪಾದ ಮ್ಯಾಲೆ ಗೊತ್ತಾತು. ಎಡಗೈ ತೋರು ಬೆರಳಿಗೆ ಮೂರು ಹೊಲಿಗಿ ಬಿದ್ವು. ಆ ತುದಿಗೆ ಇವತ್ತಿಗೂ ಪೂರಾ ಸ್ಪರ್ಶ ಇಲ್ಲ. ಕೌದಿ ಅಡಿಗೆ ಸೂಜಿ ಎಲ್ಲಿ ಬಂತು ಅಂತ ಹೇಳೋ ಬೆರಳು ಅದು.

ಅವ್ವ ಬೈಯಲಿಲ್ಲ. “ಈಳಿಗಿ ಮಲಗಿಸದ ಏಳಬ್ಯಾಡ ಅಂತ ನಿನಗ ಎಷ್ಟ ಸಲ ಹೇಳಿಲ್ಲ?” ಅಂದ್ಲು.

ನಮ್ಮ ಮನ್ಯಾಗ ಅದು ಹೆಣ್ಮಕ್ಕಳಿಗೆ ಮೊದಲ ಪಾಠ. ಕಾಯಿಪಲ್ಯ ಹೆಚ್ಚತಿದ್ರ ಬಾಗಲಾ ಬಡದರೂ, ಹಾಲು ಉಕ್ಕಿದ್ರೂ, ಈಳಿಗಿ ಅಡ್ಡ ಮಲಗಿಸೇ ಏಳಬೇಕು. ಕತ್ತರಿ ಕೈಬಿಟ್ರ ಬಾಯಿ ಕೂಡತದ. ಈಳಿಗಿಗೂ ಗಾಲಿಗೂ ಆ ಬುದ್ಧಿ ಇಲ್ಲ, ಅಲಗು ಮುಚ್ಚೋದು ನಮ್ಮ ಕೆಲಸ. ಐದು ನಿಮಿಷಕ್ಕೊಮ್ಮೆ ಅಲ್ಲ, ಪ್ರತಿ ಗೆರಿಗೂ.

ಅವಾಗಿಂದ ನಾ ಹಿಡಿಕಿ ಬದಲ ಮಾಡೇನಿ. ಹಿಚಕಿ ಹಿಡದಾಗ ಅಷ್ಟ ಅಲಗು ಹೊರಗ ಬಂದು, ಸಡಲ ಬಿಟ್ರ ತಾನ ಒಳಗ ಹೋಗೋದು ಸಿಗತದ. ಮಣಿಕಟ್ಟು ನೋಯ್ತದ, ಆದ್ರೂ ಮರೆಯೋರಿಗೆ ಅದ ಸರಿ. ಗಾಲಿ 18, 28, 45, 60 ಮಿಲಿಮೀಟರ್ ಅಳತಿಯೊಳಗ ಬರ್ತಾವ. ಒಂದ ತಗೊಳ್ಳೋದಿದ್ರ 45. ಕೌದಿಯಂಥ ದಪ್ಪ ಪದರಿನ ಅಂಚು ಸವರಲಿಕ್ಕೆ 60, ಸೊಟ್ಟ ತಿರುವಿಗೆ 28. ಅಡಗಿಮನಿ ಕಲ್ಲಿನ ಮ್ಯಾಲೆ ಉರುಳಿಸಿದ್ರ ಅಲಗು ಅಲ್ಲೇ ಕೆಡತದ, ಇದಕ್ಕಂತ ಬರೋ ಚಾಪಿನ ಬೇಕು. ಆ ಚಾಪಿ ಬಿಸಲಿಗಿಟ್ರ ಸೊಟ್ಟಗಾಗತದ, ಇಸ್ತ್ರಿ ದೂರ ಇಡ್ರಿ. ನಿಂತು ಕತ್ತರಸ್ರಿ, ಗಾಲಿ ಮೈಯಿಂದ ಆಚೆಗೆ ದೂಡ್ರಿ. ಪಟ್ಟಿ ಒತ್ತೋ ಕೈಯಿನ ಬೆರಳು ಅಂಚಿನಿಂದ ಹಿಂದ ಇರಲಿ. ಉದ್ದ ಪಟ್ಟಿ ಇದ್ರ ಅರ್ಧಕ್ಕ ನಿಂದರ್ಸಿ ಕೈ ಮುಂದ ಸರಸ್ರಿ. ಟಾಚಣಿ ಮ್ಯಾಲೆ ಹೋದ್ರ ಅಲಗಿಗೆ ಕಚ್ಚು ಬಿದ್ದು, ಆಮ್ಯಾಲೆ ಪ್ರತಿ ಸುತ್ತಿಗೂ ಒಂದೆರಡು ನೂಲು ಉಳಕೋತಾವ. ಅವಾಗ ಜೋರು ಹಾಕಿ ಒತ್ತತೇವಿ, ಕೈ ಜಾರೋದು ಅವಾಗನ. ಬ್ಲೇಡ್ ಬದಲ ಮಾಡ್ರಿ. ಹಳೇದನ್ನ ಕಸದಾಗ ಒಗೀಬ್ಯಾಡ್ರಿ, ಕಸ ಆರಿಸೋರಿಗೂ ಬೆರಳು ಅವ. ನಾ ಒಂದು ಹಳೇ ಡಬ್ಬ್ಯಾಗ ಹಾಕಿ, ಟೇಪ್ ಸುತ್ತಿ ಇಟ್ಟೇನಿ.

ಕೌದಿ ಮುಗೀತು. ಕಲಿ ಬಿದ್ದ ತುಂಡು ಬಿಟ್ಟೆ, ಹಿಂಗಾಗಿ ತ್ರಿಕೋನ ಸಾಲಲಿಲ್ಲ. ಸುತ್ತಲಿನ ಪಟ್ಟಿ ಅವ್ವನ ಕೊಟ್ಲು. ಈಗ ಆಕಿಗೆ ಹಲ್ಲಿಲ್ಲ, ಕಚ್ಚು ನನ್ನ ಕಡೆ ಹಾಕಿಸಿಕೊಂಡು, ಉಳದ ಸೀರಿ ತಾನ ಹರದ್ಲು.